ನಾಲ್ಕು ಜೋಡಿ ಕಲ್ಲು, ಒಂದು ಸೀಟಿನ ಎತ್ತರ

ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ: ಸೇಡಂ, ಚಿಂಚೋಳಿ ರಸ್ತೆಗೆ ಹತ್ತಿರವಿರುವ ನಮ್ಮ ಹಳೆಯ ಗ್ಯಾರೇಜು. ಹಾಜರಿದ್ದವರು ಮೂವರು. ಒಬ್ಬ ನಾನು, ಶರಣಪ್ಪ, ಕೆಲಸ ಬಿಟ್ಟು ಮೂರು ವರ್ಷವಾದವನು. ಇನ್ನೊಬ್ಬ ರಫೀಕ್, ನನ್ನ ಜೊತೆ ಹದಿನೆಂಟು ವರ್ಷ ದುಡಿದು ಈಗ ಗ್ಯಾರೇಜನ್ನು ತಾನೇ ನಡೆಸುತ್ತಿರುವವನು. ಮೂರನೆಯವರು ಸುವರ್ಣಾ, ಕೊಡ್ಲಿ ಸುತ್ತಿನ ಹಳ್ಳಿಗಳಲ್ಲಿ ದನಕರು ನೋಡುವ ಪಶು ಪರೀಕ್ಷಕಿ. ಹಳ್ಳಿಯವರು ಅವರನ್ನು ಡಾಕ್ಟ್ರವ್ವ ಎನ್ನುತ್ತಾರೆ. ಎತ್ತರ ನಾಲ್ಕು ಅಡಿ ಒಂಬತ್ತು ಇಂಚು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ. ಆದ್ದರಿಂದ ಆ ದಿನ ನಡೆದದ್ದನ್ನು ನಡೆದ ಕ್ರಮದಲ್ಲೇ ಇಡುತ್ತೇನೆ. ನಡುವೆ ಹಳೆಯದು ನೆನಪಾದಾಗ ಅದನ್ನೂ ಸೇರಿಸುತ್ತೇನೆ, ಏಕೆಂದರೆ ಹಳೆಯದು ಗೊತ್ತಿಲ್ಲದೆ ಆ ದಿನ ನಾನು ಮಾಡಿದ ತಪ್ಪು ಅರ್ಥವಾಗುವುದಿಲ್ಲ.

ರಫೀಕ್ ಹಿಂದಿನ ಸಂಜೆಯೇ ಮನೆಗೆ ಬಂದು ಹೇಳಿದ್ದ: "ಉಸ್ತಾದ್, ನಾಳೆ ಒಂದು ಕೇಸ್ ಅದ. ಗಾಡಿ ತಗ್ಗಸಬೇಕು. ನೀವ್ ಬಂದು ಬರೇ ಕುಂದ್ರಿ, ಸಾಕು." ಬರೇ ಕುಳಿತುಕೊಳ್ಳುವುದು ನನಗೆ ಬರುವುದಿಲ್ಲ ಎಂಬುದು ಅವನಿಗೂ ಗೊತ್ತು.

ಸುವರ್ಣಾ ಬಂದದ್ದು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು. ಬೂಟಿನ ತುಂಬ ಎರೆಮಣ್ಣು. ಬಾಗಿಲಲ್ಲೇ ರಫೀಕ್ ಕೈ ಅಡ್ಡ ಹಿಡಿದ. "ಮೇಡಂ, ಬೂಟು ಅಲ್ಲೇ ಬಿಡ್ರಿ. ನಮ್ಮ ಉಸ್ತಾದ್ ಅಳತಿ ಕಲ್ಲಿನ ಮ್ಯಾಲ ಚಪ್ಪಲ್ ಕಾಲು ಇಡಗೊಡಲ್ಲ." ಅವರು ಬೂಟು ಕಳಚಿ ಬಾಗಿಲ ಪಕ್ಕ ಜೋಡಿಸಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಉದುರಿದ ಮಣ್ಣನ್ನು ನಾನು ಗುಡಿಸಿದೆ.

"ಎಲ್ಲಿ ಬಿದ್ರಿ, ತಂಗಿ?" ಎಂದು ಕೇಳಿದೆ.

"ನಾ ಬಿದ್ದಿಲ್ರಿ ಕಾಕಾ. ಗಾಡಿ ಬಿತ್ತು. ನಾ ಅದರ ಮ್ಯಾಲ ಕೂತಿದ್ದೆ, ಅಷ್ಟೇ."

ರಫೀಕ್ ನಕ್ಕ. ಅವರು ನಗಲಿಲ್ಲ. ಕೊಡ್ಲಿ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಎದುರಿಗೆ ಎತ್ತಿನ ಬಂಡಿ ಬಂದಿತ್ತು. ನಿಲ್ಲಿಸಿ ಎಡಗಾಲು ಊರಲು ಹೋದರೆ ಅಲ್ಲಿ ನೆಲ ಇರಲಿಲ್ಲ. ಹಿಂದಿನ ಕ್ಯಾರಿಯರಿನಲ್ಲಿದ್ದ ಕ್ಯಾನು ಮಗುಚಿತು. ಅದು ಹಾಲಿನ ಕ್ಯಾನಲ್ಲ. ಅದರೊಳಗೆ ಮೈ ಸುಡುವಷ್ಟು ತಣ್ಣಗಿನ ದ್ರವ ಸಾರಜನಕ, ಅದರಲ್ಲಿ ಮುಳುಗಿಸಿಟ್ಟ ಹೋರಿ, ಕೋಣಗಳ ವೀರ್ಯದ ಸಣ್ಣ ಕಡ್ಡಿಗಳು. ಎಮ್ಮೆ, ಆಕಳು ಬೆದೆಗೆ ಬಂದ ಸುದ್ದಿ ಬಂದರೆ ಇವರು ಆ ಕ್ಯಾನು ಕಟ್ಟಿಕೊಂಡು ಹೊರಡಬೇಕು. ಮುಚ್ಚಳ ಕಿತ್ತು ಸಾರಜನಕವೆಲ್ಲ ಬಿಳಿ ಹೊಗೆಯಾಗಿ ಹೋಯಿತು. ಒಂದು ಕಡ್ಡಿಯೂ ಉಳಿಯಲಿಲ್ಲ.

"ಸಾಹೇಬ್ರು ಒಂದೇ ಮಾತು ಹೇಳ್ಯಾರ್ರಿ," ಎಂದರು. "ನಾಳೆ ಮುಂಜಾನಿ ಹೊಸ ಕ್ಯಾನ್ ಕೊಡ್ತಾರ. ಮತ್ತೊಮ್ಮಿ ಕ್ಯಾನ್ ಬಿತ್ತಂದ್ರ ನನಗ ಆಫೀಸಿನ ಟೇಬಲ್ಲಿಗಿ ಹಾಕ್ತಾರ. ನನ್ನ ಸುತ್ತು ಬ್ಯಾರೆಯವರಿಗಿ."

"ಟೇಬಲ್ ಅಂದ್ರ ಆರಾಮ್ ಅಲ್ಲೇನ್ರಿ? ಫ್ಯಾನಿನ ಕೆಳಗ ಕುಂದ್ರೋದು," ಎಂದ ರಫೀಕ್.

"ಎಮ್ಮಿ ಬೆದಿಗಿ ಬಂದ್ರ ನನ್ನ ಟೇಬಲ್ ತನಕ ಬರ್ತದೇನೋ ಅಣ್ಣಾ? ನಾ ಎಮ್ಮಿ ತನಕ ಹೋಗಬೇಕು."

ಸ್ಕೂಟಿ ಏಕೆ ಬೇಡ ಎಂದು ಅವನು ಕೇಳಿದ್ದಕ್ಕೆ, ಮಳೆಯಾದ ಮೇಲೆ ಎರೆ ಹೊಲದ ದಾರಿಯಲ್ಲಿ ಸಣ್ಣ ಗಾಲಿ ಹೂತುಹೋಗುತ್ತದೆ ಎಂದರು. ಅದು ಸರಿ. ನಾನು ಮೇಜಿನ ಮೇಲಿನ ಹಲಗೆಯಲ್ಲಿ ಆ ದಿನದ ಕೆಲಸ ಬರೆದೆ: ನೂರು ಸಿಸಿ ಬೈಕು, ಸೀಟು ತಗ್ಗಿಸುವುದು, ಸಂಜೆ ಐದರೊಳಗೆ. ನಂತರ ಒಳಗೆ ಹೋಗಿ ಕಲ್ಲು ತಂದೆ.

ಈ ಕಲ್ಲುಗಳ ವಿಷಯ ಹೇಳಬೇಕು. ಶಹಾಬಾದ ಕಲ್ಲಿನ ತುಂಡುಗಳು, ಒಂದು ಅಂಗಾಲು ಹಿಡಿಸುವಷ್ಟು ಅಗಲ, ನಾಲ್ಕು ಜೋಡಿ: ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು, ಒಂದೂವರೆ ಇಂಚು. ಸವಾರನನ್ನು ಗಾಡಿಯ ಮೇಲೆ ಕೂರಿಸಿ, ಸ್ಟ್ಯಾಂಡು ತೆಗೆದು, ಮುಂದೊಬ್ಬ ಹಿಂದೊಬ್ಬ ನೆಟ್ಟಗೆ ಹಿಡಿಯಬೇಕು. ಹಿಮ್ಮಡಿ ಗಾಳಿಯಲ್ಲಿರುತ್ತದೆ. ಎರಡೂ ಹಿಮ್ಮಡಿ ಕೂರುವ ತನಕ ಕಾಲಡಿಗೆ ಕಲ್ಲು ಸೇರಿಸುತ್ತ ಹೋಗಬೇಕು. ಎಷ್ಟು ಕಲ್ಲು ಹಿಡಿಯಿತೋ ಗಾಡಿ ಅಷ್ಟು ಇಳಿಯಬೇಕು. ಟೇಪು ಬೇಡ, ಯಾರ ಕಾಲನ್ನೂ ಮುಟ್ಟುವುದು ಬೇಡ. ಸೀರೆ ಉಟ್ಟವರಿಗೂ ಸಂಕೋಚವಿಲ್ಲ, ಧೋತರದವರಿಗೂ ಇಲ್ಲ.

ಇದು ನನ್ನ ತಲೆಯಿಂದ ಬಂದದ್ದಲ್ಲ. ವಿಠ್ಠಲರಾಯರಿಂದ ಬಂದದ್ದು.

ನಾನು ಕೆಲಸ ಕಲಿತದ್ದು ಶಹಾಬಾದದ ಒಂದು ಕಾರ್ಖಾನೆಯ ವಾಹನ ವಿಭಾಗದಲ್ಲಿ. ಪಾಳಿಯ ಭೋಂಗಾ, ಅಂದರೆ ಸೈರನ್, ಕೂಗುವ ಮೊದಲು ಕೈಯಲ್ಲಿ ಪಾನಾ, ಅಂದರೆ ಸ್ಪ್ಯಾನರು, ಇರಬೇಕು. ಸಂಜೆ ಪ್ರತಿಯೊಂದು ಪಾನಾವೂ ಗೋಡೆಯ ಮೇಲೆ ಅದರದೇ ಚಿತ್ರ ಬರೆದ ಜಾಗಕ್ಕೆ ಮರಳಬೇಕು. ಫೋರ್‌ಮನ್ ವಿಠ್ಠಲರಾಯರು ಐದಡಿಗೂ ಕಡಿಮೆ. ಅವರು ಓಡಿಸುತ್ತಿದ್ದದ್ದು ಮಾತ್ರ ಇಡೀ ಕಾಲೋನಿಯಲ್ಲೇ ಎತ್ತರದ, ಭಾರದ ಮೋಟರ್ ಸೈಕಲ್ಲು. ನಿಲ್ಲುವ ಪ್ರತಿ ಜಾಗದಲ್ಲೂ ಅವರು ಒಂದೊಂದು ಶಹಾಬಾದ ಕಲ್ಲು ಇಡಿಸಿದ್ದರು. ಮನೆಯ ಮುಂದೊಂದು, ಗೇಟಿನ ಮುಂದೊಂದು, ಪಾನ್ ಅಂಗಡಿಯ ಮುಂದೊಂದು, ಶೆಡ್ಡಿನ ಬಾಗಿಲಲ್ಲೊಂದು. ಅಷ್ಟು ದೊಡ್ಡ ಗಾಡಿಯನ್ನು ಕೂದಲೆಳೆಯಷ್ಟೂ ತಪ್ಪದೆ ಕಲ್ಲಿನ ಪಕ್ಕ ತಂದು ನಿಲ್ಲಿಸಿ ಎಡಗಾಲು ಊರುತ್ತಿದ್ದರು. ಎಂಟಕ್ಕೆ ಕಾಲು ಗಂಟೆ ಇರುವಾಗ ಶೆಡ್ಡಿನ ಬಾಗಿಲಲ್ಲಿ 'ಟಕ್' ಎಂಬ ಸದ್ದು. ಅವರ ಬೂಟಿನ ಹಿಮ್ಮಡಿ ಕಲ್ಲಿಗೆ ಬಡಿದ ಸದ್ದು. ಅದನ್ನು ಕೇಳಿ ನಾವು ಬೀಡಿ ಆರಿಸುತ್ತಿದ್ದೆವು.

ಒಂದು ದಿನ ಯಾರೋ ಗೇಟಿನ ಕಲ್ಲನ್ನು ಮೂರು ಮಾರು ಆಚೆ ಸರಿಸಿದರು. ವಿಠ್ಠಲರಾಯರು ಬಂದರು, ನೋಡಿದರು, ನಿಲ್ಲಿಸಲಾಗದೆ ಗೇಟಿನ ಮುಂದೆ ಸುತ್ತು ಹಾಕತೊಡಗಿದರು. ಪ್ರತಿ ಸುತ್ತಿಗೂ ಒಂದು ಬೈಗುಳ. "ಯಾವನಲೇ ಅಂವ!" ಒಂದು ಸುತ್ತು. "ಕಲ್ಲು ತರ್ರಲೇ!" ಇನ್ನೊಂದು ಸುತ್ತು. ನಗು ತಡೆದುಕೊಂಡು ನಾನೂ ಇನ್ನೊಬ್ಬ ಹುಡುಗನೂ ಕಲ್ಲು ಹೊತ್ತು ತಂದಿಟ್ಟ ಮೇಲೆಯೇ 'ಟಕ್' ಎಂದದ್ದು.

ಅಂದು ಮಧ್ಯಾಹ್ನ ನಾನು ಧೈರ್ಯ ಮಾಡಿ ಕೇಳಿದೆ: "ಸಾಹೇಬ್ರ, ಗಾಡೀನೇ ತಗ್ಗಸಬಾರದಾ?"

"ಎಷ್ಟು ತಗ್ಗಸ್ತಿ?"

ನಾನು ಸೀಟಿನಿಂದ ನೆಲದವರೆಗೆ ಕಣ್ಣಲ್ಲೇ ಅಳೆದೆ.

"ಶರಣ್ಯಾ, ಆ ಕಲ್ಲು ಅಳದು ಬಾ. ಕಲ್ಲು ಎಷ್ಟು ದಪ್ಪ ಅದನೋ ಗಾಡಿ ಅಷ್ಟು ಎತ್ತರ ಅದ. ಕಲ್ಲು ನೆಲದಿಂದ ತಗಿಬೇಕಂದ್ರ ಅಷ್ಟೇ ಗಾಡಿಯೊಳಗಿಂದ ತಗಿ."

ನಾನು ಕಲ್ಲನ್ನು ಅಳೆದೆ, ಎರಡು ಇಂಚು. ಎರಡು ತಿಂಗಳ ರವಿವಾರಗಳಲ್ಲಿ ಅವರ ಗಾಡಿ ಇಳಿಸಿದೆ. ಸೀಟಿನ ತೆಂಗಿನ ನಾರು ತೆಗೆದು ಹೊಸದಾಗಿ ತುಂಬಿದೆ, ಮುಂದಿನ ಫೋರ್ಕಿನ ಕೊಳವೆಗಳನ್ನು ಮೇಲಕ್ಕೆ ಸರಿಸಿ ಬಿಗಿದೆ, ಹಿಂದಿನ ಸ್ಪ್ರಿಂಗು ಬದಲಿಸಿದೆ. ಅವರು ಮೊದಲ ಸಲ ಕಲ್ಲಿಲ್ಲದ ಜಾಗದಲ್ಲಿ ಗಾಡಿ ನಿಲ್ಲಿಸಿ ಎರಡೂ ಕಾಲು ಊರಿ ಕುಳಿತರು. ಎಷ್ಟೋ ಹೊತ್ತು ಇಳಿಯಲೇ ಇಲ್ಲ. ಏನು ಹೇಳುತ್ತಾರೋ ಎಂದು ಕಾದೆ. "ಊರು ದೊಡ್ಡದಾಯ್ತು ನೋಡೋ," ಎಂದರು. ಅಲ್ಲಿಯತನಕ ಅವರ ಶಹಾಬಾದ ಎಂದರೆ ಕಲ್ಲಿಟ್ಟಿದ್ದ ಜಾಗಗಳು ಮಾತ್ರ ಎಂಬುದು ನನಗೆ ಆಗ ಹೊಳೆಯಿತು.

ಎರಡು ಇಂಚು ಒಬ್ಬ ಮನುಷ್ಯನಿಗೆ ಏನು ಮಾಡುತ್ತದೆ ಎಂಬ ಬೆರಗು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕಲ್ಲು ಪಾಲಿಶ್ ಮಾಡುವ ಅಂಗಳದಲ್ಲಿ ತುಂಡು ಆರಿಸುವಾಗಲೂ ಅದೇ ಬೆರಗು. ಆ ಕಲ್ಲು ನೆಲದೊಳಗೆ ಪದರು ಪದರಾಗಿ ಕುಳಿತಿರುತ್ತದೆ. ಉಳಿ ಇಟ್ಟು ಮೆಲ್ಲಗೆ ಹೊಡೆದರೆ ಪುಸ್ತಕದ ಹಾಳೆಯಂತೆ ಬಿಡುತ್ತದೆ, ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ. ಮನುಷ್ಯ ಹುಟ್ಟುವ ಮೊದಲೇ ಯಾರೋ ಅಳತೆಪಟ್ಟಿ ಮಾಡಿ ಹೂತಿಟ್ಟಂತೆ.

ಸೇಡಂನಲ್ಲಿ ಗ್ಯಾರೇಜು ಹಾಕಿದಾಗ ಆ ನಾಲ್ಕು ಜೋಡಿಯನ್ನು ನಾನೇ ಉಜ್ಜಿಸಿ ತಂದೆ. ಮೊದಲ ದಿನವೇ ನಿಯಮ ಮಾಡಿದೆ: ಇವುಗಳ ಮೇಲೆ ಬರಿಗಾಲು ಮಾತ್ರ. ಆಯುಧ ಪೂಜೆಗೆ ಪಾನಾಗಳ ಜೊತೆ ಇವಕ್ಕೂ ವಿಭೂತಿ, ಹೂವು. ಉಳಿದ ದಿನ ಒಳಗಿನ ಗೂಡಿನಲ್ಲಿ, ದೀಪದ ಕೆಳಗೆ. ಶಹಾಬಾದದಿಂದ ಚಿಂಚೋಳಿಯವರೆಗೆ ಎತ್ತರ ಕಡಿಮೆ ಇದ್ದವರೆಲ್ಲ ಆ ಕಲ್ಲಿನ ಮೇಲೆ ಬರಿಗಾಲು ಇಟ್ಟು ಹೋಗಿದ್ದಾರೆ. ಚಿತ್ತಾಪುರದ ಒಬ್ಬ ಮದುಮಗ ಮದುವೆಗೆ ನಾಲ್ಕು ದಿನ ಮುಂಚೆ ಬಂದ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡಾಗ ತುದಿಗಾಲಲ್ಲಿ ನಿಲ್ಲುವುದು ಕಾಣಬಾರದು ಎಂದು. "ಯಾರಿಗೂ ಹೇಳಬ್ಯಾಡ್ರಿ ಮಾಮಾ" ಎಂದು ಮೂರು ಸಲ ಹೇಳಿದ. ವಾರದ ಮೇಲೆ ಹೆಂಡತಿಯೇ ಬಂದಳು, ಅವನಿಗಿಂತ ಕುಳ್ಳಿ. ತನಗೂ ಗಾಡಿ ಕಲಿಯಬೇಕಾಗಿದೆ, ಇನ್ನೂ ಒಂದು ಇಂಚು ಇಳಿಸಿ ಎಂದಳು.

ಸುವರ್ಣಾ ಅವರನ್ನು ಕೂರಿಸಿದೆವು. ಹ್ಯಾಂಡಲ್ ರಫೀಕ್ ಹಿಡಿದ. ಕ್ಯಾರಿಯರನ್ನು ಪಕ್ಕದ ಪಂಕ್ಚರ್ ಅಂಗಡಿಯ ಈರಣ್ಣ ಬಂದು ಹಿಡಿದ. ನಾನು ಮಂಡಿಯೂರಿ ಕಲ್ಲು ಸೇರಿಸಿದೆ. ಒಂದೂವರೆ ಸಾಲಲಿಲ್ಲ. ಮೇಲೆ ಅರ್ಧ. ಎರಡೂ ಹಿಮ್ಮಡಿ ಕುಳಿತವು.

"ಎರಡು ಇಂಚು," ಎಂದೆ.

"ಸೀದಾ ಅದ ಉಸ್ತಾದ್," ಎಂದ ರಫೀಕ್. "ಫೋಮ್‌ದಾಗ ಅರ್ಧ, ಫೋರ್ಕ್‌ದಾಗ ಅರ್ಧ, ಹಿಂದ ಸಣ್ಣ ಸ್ಪ್ರಿಂಗಿನ ಶಾಕ್ ಹಾಕಿದ್ರ ಒಂದು. ಈಗ ಎಲ್ಲಾ ರೆಡಿಮೇಡ್ ಸಿಗ್ತದ. ಫೋನ್‌ದಾಗ ವಿಡಿಯೋ ನೋಡಿ ಮನ್ಯಾಗೇ ಹಾಕ್ಕೋತಾರ ಮಂದಿ."

ರೆಡಿಮೇಡ್ ಸಾಮಾನಿನ ಮೇಲೆ ನನಗೆ ಸಿಟ್ಟಿಲ್ಲ. ನಾನು ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ್ದನ್ನು ಈಗ ಅರ್ಧ ತಾಸಿನಲ್ಲಿ ಮಾಡಬಹುದು. ಆದರೆ ನಾನು "ತಡಿ" ಎಂದೆ. ಎರಡು ಇಂಚು ಎಂದಾಗೆಲ್ಲ ನನಗೆ ಸುಲೇಪೇಟದ ಬಸಣ್ಣ ಮಾಸ್ತರರ ನೆನಪಾಗುತ್ತದೆ.

ಮಾಸ್ತರರಿಗೆ ಎರಡೂವರೆ ಇಂಚು ಬೇಕಾಗಿತ್ತು. ಕಲ್ಲು ಹೇಳಿದಷ್ಟನ್ನೂ ಇಳಿಸಿದೆ. ಗ್ಯಾರೇಜಿನ ನೆಲವೂ ಶಹಾಬಾದ ಕಲ್ಲೇ, ನೀರು ಚೆಲ್ಲಿದರೆ ಯಾವ ಕಡೆಗೂ ಹರಿಯದಷ್ಟು ಸಮ. ಸೈಡ್ ಸ್ಟ್ಯಾಂಡು ಹಾಕಿ ನಿಲ್ಲಿಸಿದೆ, ಗಾಡಿ ನಿಂತಿತು. ನನಗೆ ಅಷ್ಟೇ ಸಾಕಾಯಿತು. ಗಾಡಿ ಇಳಿದರೂ ಸ್ಟ್ಯಾಂಡಿನ ಉದ್ದ ಇಳಿದಿಲ್ಲ, ಗಾಡಿ ಬೇಕಾದಷ್ಟು ವಾಲದೆ ನೆಟ್ಟಗೆ ನಿಂತಿದೆ ಎಂಬುದು ಸಮನೆಲದ ಮೇಲೆ ಗೊತ್ತಾಗಲಿಲ್ಲ. ಮಾಸ್ತರರು ಶಾಲೆಯ ಅಂಗಳದಲ್ಲಿ ನಿಲ್ಲಿಸಿದರು. ನೆಲ ಸ್ವಲ್ಪ ಓರೆ. ಪ್ರಾರ್ಥನೆ ನಡೆಯುವಾಗ ಗಾಡಿ ತಾನಾಗಿಯೇ ಬಲಕ್ಕೆ ಮಗುಚಿ ಮುಖ್ಯೋಪಾಧ್ಯಾಯರ ಸೈಕಲ್ಲನ್ನು ಅಪ್ಪಿಕೊಂಡಿತು. ಮರುದಿನ ಮಾಸ್ತರರು ಬಂದು ಬಾಗಿಲಲ್ಲಿ ನಿಂತು, "ಶರಣಪ್ಪ, ನನ್ನ ಗಾಡಿ ಸಾಷ್ಟಾಂಗ ನಮಸ್ಕಾರ ಕಲ್ತದಪಾ," ಎಂದರು.

ಸ್ಟ್ಯಾಂಡು ಕತ್ತರಿಸಿ ಬೆಸುಗೆ ಹಾಕಿಕೊಟ್ಟೆ. ಅದು ತಿದ್ದಬಹುದಾದ ತಪ್ಪು. ಆದರೆ ಅವರ ಗಾಡಿಯ ಹೊಟ್ಟೆ ವಾಡಿಯ ಕಡೆಯ ರಸ್ತೆ ಉಬ್ಬುಗಳಿಗೆ ಕೊನೆಯತನಕ ಉಜ್ಜುತ್ತಲೇ ಇತ್ತು. ಉಬ್ಬುಗಳನ್ನೇ ತಪ್ಪಾಗಿ ಹಾಕಿದ್ದಾರೆ ಎಂದು ನಾನು ಅವರಿಗೂ ಹೇಳಿದೆ, ನನಗೂ ಹೇಳಿಕೊಂಡೆ.

"ಇವರ ದಾರ್ಯಾಗ ಕಲ್ಲದಾವ, ಹಳ್ಳ ಅದಾವ," ಎಂದೆ ರಫೀಕನಿಗೆ. "ಗಾಡಿ ಎರಡು ಇಂಚು ಇಳದ್ರ ಹೊಟ್ಟಿ ಬಡದು ಬೀಳ್ತಾರ. ನೆಲಕ್ಕ ಕಾಲು ಹತ್ತಲಾರ್ದಕ್ಕ ಬೀಳೋದು ತಪ್ಪತದ, ಇದಕ್ಕ ಬೀಳೋದು ಶುರುವಾಗ್ತದ. ಕ್ಯಾನಿಗೇನು, ಹ್ಯಾಂಗ ಬಿದ್ರೂ ಒಂದೇ."

ಸುವರ್ಣಾ ನಮ್ಮಿಬ್ಬರ ಮುಖ ನೋಡಿದರು. "ಅಂದ್ರ ಆಗಲ್ಲೇನ್ರಿ ಕಾಕಾ?"

"ಆಗ್ತದ. ನಿಮ್ಮ ಸಾಮಾನು ಎಷ್ಟು ಭಾರ ಇರ್ತದ?"

ಕ್ಯಾನು, ಔಷಧದ ಪೆಟ್ಟಿಗೆ, ಹಗ್ಗ, ಬಕೆಟ್ಟು ಎಲ್ಲ ಕೂಡಿ ಇಪ್ಪತ್ತೈದು ಕಿಲೋ ಎಂದರು. ಈರಣ್ಣ ಗುಜರಿ ಅಂಗಡಿಯ ಕಾಟಾದಲ್ಲಿ ಅಷ್ಟೇ ತೂಕದ ಕಲ್ಲಿನ ಚಕ್ಕೆ ತೂಗಿ ಚೀಲ ತುಂಬಿಸಿಕೊಂಡು ಬಂದ. ಕ್ಯಾರಿಯರಿಗೆ ಬಿಗಿದೆವು. ಹಿಂದಿನ ಸ್ಪ್ರಿಂಗುಗಳು ಮೆಲ್ಲಗೆ ಕುಳಿತವು. ಖಾಲಿ ಗಾಡಿಯ ಎತ್ತರ ಒಂದು, ಹೊರೆ ಹೊತ್ತ ಗಾಡಿಯ ಎತ್ತರ ಇನ್ನೊಂದು. ಮತ್ತೆ ಕಲ್ಲು ಇಟ್ಟೆ. ಒಂದೂವರೆ ಸಾಕಾಯಿತು. ಅರ್ಧ ಇಂಚು ನಮ್ಮ ಕಣ್ಣೆದುರೇ ಉಳಿಯಿತು. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ: ಸವಾರ ಏನು ಹೊರುತ್ತಾನೋ ಅದನ್ನು ಹೊರಿಸಿಯೇ ಅಳೆಯಿರಿ.

ಆದರೂ ಒಂದೂವರೆ ಎಂದರೆ ಸೀಟೊಂದರಿಂದ ಆಗುವ ಮಾತಲ್ಲ. ಅಷ್ಟು ಫೋಮ್ ತೆಗೆದರೆ ತಳದ ತಗಡು ಬೆನ್ನಹುರಿಗೆ ಬಡಿಯುತ್ತದೆ. ಶಾಕ್ ಬದಲಿಸಲೇಬೇಕು, ಹೊಟ್ಟೆ ಇಳಿಯಲೇಬೇಕು. ಹನ್ನೊಂದು ಗಂಟೆಯಾಗಿತ್ತು. ನಾನು ಚಹಾ ಹೇಳಿದೆ. ಕೆಲಸ ಮುಂದೆ ಹೋಗದಿದ್ದಾಗ ವಿಠ್ಠಲರಾಯರು ಹಾಗೆಯೇ ಮಾಡುತ್ತಿದ್ದರು.

ಚಹಾ ಕುಡಿದು ಸುವರ್ಣಾ ಬಾಗಿಲ ಮೆಟ್ಟಿಲ ಮೇಲೆ ಕುಳಿತು, ಹೊರಗೆ ಹೋಗಿ ಫೋನು ಮಾಡಿ ಬರುತ್ತೇನೆಂದು ಬೂಟು ಎಳೆದುಕೊಳ್ಳುತ್ತಿದ್ದರು. ಒಂದು ಬೂಟು ಹಾಕಿಕೊಂಡವರು ಇನ್ನೊಂದನ್ನು ಕೈಯಲ್ಲೇ ಹಿಡಿದು ಅದರ ತಳ ನೋಡಿದರು.

"ಕಾಕಾ, ಒಂದು ಮಾತು ಕೇಳ್ಲಿರಿ? ಸಿಟ್ಟಾಗಬ್ಯಾಡ್ರಿ."

"ಕೇಳ್ರಿ."

"ನಾ ಗಾಡಿ ಹೊಡೆಯೋದು ಬೂಟ್ ಹಾಕ್ಕೊಂಡ್ರಿ. ಹೊಲದಾಗ ಹಾವು, ಮುಳ್ಳು, ಸಗಣಿ. ಬರಿಗಾಲ್ಲಾಗ ಒಂದು ದಿನಾನೂ ಹೊಡದಿಲ್ಲ. ಮತ್ತ ನೀವು ಬರಿಗಾಲ್ಲಾಗ ಯಾಕ ಅಳೀಲಿಕತ್ತೀರಿ?"

ರಫೀಕ್ ಚಹಾದ ಲೋಟ ಕೆಳಗಿಟ್ಟ. ಈರಣ್ಣ ನನ್ನ ಮುಖ ನೋಡಿದ. ಕಲ್ಲು ಪೂಜೆಯದ್ದು ಎನ್ನಲೇ? ನಮ್ಮಲ್ಲಿ ಮೊದಲಿನಿಂದ ಹಾಗೆಯೇ ಎನ್ನಲೇ?

"ಅದರಾಗೂ ಎರಿ ಹೊಲದಾಗ ಇಳದು ಹತ್ತಿದ್ರ ಇನ್ನೂ ಅರ್ಧ ಇಂಚು ಎತ್ತರ ಆಗ್ತೀನ್ರಿ," ಎಂದು ಅವರು ಬೂಟಿನ ತಳದ ಮಣ್ಣು ತೋರಿಸಿ ನಕ್ಕರು. ಅಂದು ಅವರು ನಕ್ಕದ್ದು ಅದೇ ಮೊದಲು.

ನನ್ನ ಕಿವಿಯಲ್ಲಿ 'ಟಕ್' ಎಂದಿತು. ಎಂಟಕ್ಕೆ ಕಾಲು ಗಂಟೆ ಇರುವಾಗ, ಶೆಡ್ಡಿನ ಬಾಗಿಲಲ್ಲಿ, ವಿಠ್ಠಲರಾಯರ ಬೂಟಿನ ಹಿಮ್ಮಡಿ. ಅವರು ಬೂಟುಗಾಲಲ್ಲೇ ಕಲ್ಲು ತುಳಿಯುತ್ತಿದ್ದರು. ನಾನು ಅಳೆದದ್ದು ಬೂಟುಗಾಲಿಗೆ ಸಾಕಾಗುವ ಕಲ್ಲನ್ನು. ವರ್ಷಗಟ್ಟಲೆ ಪ್ರತಿದಿನ ಆ ಸದ್ದು ಕೇಳಿದವನು ನಾನು. ನಾನು ಅದನ್ನು ಅಳೆಯುವಾಗ ಕಲ್ಲಿನ ಮೇಲೆ ಹೊಲಸು ಕಾಲು ಇಡಬಾರದು ಎಂದು ಅವರು ಹೇಳಿದ್ದು ನಿಜ. ಧೂಳು ಕೂತರೆ ಅಳತೆ ತಪ್ಪುತ್ತದೆ ಎಂಬ ಕಾರಣಕ್ಕೆ. ನಾನು ಕಾರಣವನ್ನು ಮರೆತು ನಿಯಮವನ್ನು ಇಟ್ಟುಕೊಂಡಿದ್ದೆ, ಅದಕ್ಕೆ ವಿಭೂತಿಯನ್ನೂ ಹಚ್ಚಿದ್ದೆ. ಎಷ್ಟು ಜನರ ಗಾಡಿಯನ್ನು ಬೇಕಾದದ್ದಕ್ಕಿಂತ ಅರ್ಧ, ಮುಕ್ಕಾಲು ಇಂಚು ಹೆಚ್ಚಿಗೆ ಇಳಿಸಿದೆನೋ! ಬಸಣ್ಣ ಮಾಸ್ತರರು ದಪ್ಪ ಅಟ್ಟೆಯ ಚರ್ಮದ ಚಪ್ಪಲಿ ಹಾಕುತ್ತಿದ್ದರು. ವಾಡಿಯ ಉಬ್ಬುಗಳಲ್ಲಿ ತಪ್ಪಿರಲಿಲ್ಲ.

"ಉಸ್ತಾದ್, ತಬಿಯತ್ ಆರಾಮ್ ಅದಲ್ಲ?" ರಫೀಕ್ ಕೇಳಿದ.

"ಆರಾಮ್ ಅದ. ತಂಗಿ, ಆ ಬೂಟಿನ ತಳ ನೀಟಾಗಿ ತೊಳದು ಹಾಕ್ಕೊಂಡು ಬರ್ರಿ. ಎರಡೂ."

"ಕಲ್ಲಿನ ಮ್ಯಾಲ?" ರಫೀಕನ ಹುಬ್ಬು ಮೇಲೇರಿತು.

"ಕಲ್ಲಿನ ಮ್ಯಾಲ."

"ನಾ ಒಮ್ಮಿ ಸಾಕ್ಸ್ ಹಾಕ್ಕೊಂಡು ತುಳದಿದ್ದಕ್ಕ ಎರಡು ದಿನ ಮಾತಾಡಿದ್ದಿಲ್ಲ ನೀವು!"

"ಈಗ ಮಾತಾಡ್ಲಿಕತ್ತೀನಲ್ಲ. ಹ್ಯಾಂಡಲ್ ಹಿಡಿ."

ಹೊರೆ ಬಿಗಿದದ್ದು ಹಾಗೆಯೇ ಇತ್ತು. ಅವರು ಬೂಟು ಹಾಕಿ ಕುಳಿತರು. ನಾನು ಮಂಡಿಯೂರಿದೆ. ಕೈ ಮೊದಲು ಒಂದು ಇಂಚಿನ ಜೋಡಿಗೆ ಹೋಯಿತು, ಹೆಚ್ಚಾಯಿತು. ತೆಗೆದು ಮುಕ್ಕಾಲಿನ ಜೋಡಿ ಇಟ್ಟೆ. ರಬ್ಬರಿನ ಹಿಮ್ಮಡಿ ಸದ್ದಿಲ್ಲದೆ ಕುಳಿತುಕೊಂಡಿತು, ಎಡದ್ದೂ ಬಲದ್ದೂ. ಕಲ್ಲಿಗೂ ಬೂಟಿಗೂ ನಡುವೆ ಒಂದು ಕಾಗದ ತೂರಿಸಲು ನೋಡಿದೆ. ಹೋಗಲಿಲ್ಲ.

ಬೆಳಿಗ್ಗೆ ಎರಡು ಇಂಚು ಬೇಕೆಂದಿದ್ದ ಅದೇ ಗಾಡಿ, ಅದೇ ಮನುಷ್ಯರು, ಅದೇ ಕಾಲು. ಗಾಡಿಗೆ ಇನ್ನೂ ಒಂದು ಪಾನಾವನ್ನೂ ಹಚ್ಚಿರಲಿಲ್ಲ. ಉಳಿದದ್ದು ಮುಕ್ಕಾಲು ಇಂಚು. ನಾನು ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಎದ್ದೇಳಲು ಮೊಣಕಾಲು ನೋಯುತ್ತಿದೆ ಎಂದು ಅವರೆಲ್ಲ ತಿಳಿದರು. ತಿಳಿಯಲಿ ಎಂದು ಬಿಟ್ಟೆ.

"ಶಾಕ್ ಬ್ಯಾಡ, ಫೋರ್ಕ್ ಬ್ಯಾಡ," ಎಂದೆ. "ಬರೇ ಸೀಟು."

ಹನ್ನೆರಡಕ್ಕೆ ಸೀಟು ಬಿಚ್ಚಿದೆವು. ತಳದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಹೊದಿಕೆ ತೆಗೆದೆವು. ಸವಾರ ಕೂರುವ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಮೂರು ಸಲ ಅಳೆದೆ, ರಫೀಕನಿಂದ ಒಂದು ಸಲ ಅಳೆಸಿದೆ. ಹ್ಯಾಕ್ಸಾ ಬ್ಲೇಡನ್ನು ಮಸೆದು ಮಾಡಿದ ಚಾಕುವನ್ನು ನೀರಲ್ಲಿ ಅದ್ದಿ ಅವನು ಅರ್ಧ ಇಂಚಿನ ಪದರು ಎತ್ತಿದ. ಒಣ ಚಾಕು ಫೋಮನ್ನು ಹರಿಯುತ್ತದೆ, ಒದ್ದೆ ಚಾಕು ಕೊಯ್ಯುತ್ತದೆ.

ಉಳಿದ ಕಾಲು ಇಂಚನ್ನು ಮೇಲಿನಿಂದ ತೆಗೆಯಬಾರದು, ಬದಿಯಿಂದ ತೆಗೆಯಬೇಕು. ಸೀಟಿನ ಮುಂಭಾಗ ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿ ಕಾಲಿನ ಉದ್ದ ಅಲ್ಲೇ ಕಳೆದುಹೋಗುತ್ತದೆ. ಎರಡೂ ಅಂಚನ್ನು ಇಳಿಜಾರಾಗಿ ಸವರಿದರೆ ಕಾಲು ನೇರವಾಗಿ ನೆಲಕ್ಕೆ ಇಳಿಯುತ್ತದೆ. ಒರಟು ಪಾಲಿಶ್ ಕಾಗದದಿಂದ ಉಜ್ಜಿದೆವು. ಅಂಗೈ ಆಡಿಸಿದರೆ ಎಲ್ಲೂ ತಡೆಯಬಾರದು. ಫೋಮಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು, ಮಳೆಯ ನೀರು ಕುಡಿಯದಂತೆ. ಅದರ ಮೇಲೆ ಹೊದಿಕೆ ಎಳೆದು ಮುಂದಿನಿಂದ ಹಿಂದಕ್ಕೆ ಪಿನ್ನು ಹೊಡೆದೆವು. ಮೂರೂವರೆ ಗಂಟೆ.

ಸೀಟು ಕೂರಿಸಿ, ಹೊರೆ ಬಿಗಿದು, ಬೂಟುಗಾಲಲ್ಲಿ ಅವರನ್ನು ಕೂರಿಸಿದೆವು. ಈ ಸಲ ಕಲ್ಲಿಲ್ಲ. ಎರಡೂ ಹಿಮ್ಮಡಿ ನೆಲದ ಮೇಲೆ. ಅವರು ಎಡಕ್ಕೆ ಸ್ವಲ್ಪ ವಾಲಿದರು, ಬಲಕ್ಕೆ ಸ್ವಲ್ಪ ವಾಲಿದರು.

"ಸಮನೆಲ ನಂಬಬ್ಯಾಡ್ರಿ," ಎಂದೆ. "ಹಳ್ಳದ ಕಡಿ ಇಳಿಜಾರದ. ಅಲ್ಲಿ ನಡುವ ನಿಲ್ಲಸ್ರಿ."

ಗ್ಯಾರೇಜಿನ ಹಿಂದಿನ ಓಣಿ ಹಳ್ಳಕ್ಕೆ ಇಳಿಯುತ್ತದೆ. ಎಡಬದಿ ತಗ್ಗು, ಅಲ್ಲಲ್ಲಿ ಎದ್ದ ಕಲ್ಲು. ನಾನು, ರಫೀಕ್, ಈರಣ್ಣ ಮೂವರೂ ಮೇಲೆ ನಿಂತೆವು. ಅವರು ಮೆಲ್ಲಗೆ ಇಳಿಯತೊಡಗಿದರು. ನಡುವೆ ನಿಲ್ಲಿಸಿ ಎಂದು ನಾನು ಗುರುತು ತೋರಿಸಿದ್ದ ಜಾಗ ಇನ್ನೂ ಮುಂದಿತ್ತು. ಅಷ್ಟರಲ್ಲಿ ಹಳ್ಳದಿಂದ ನಾಲ್ಕೈದು ಎಮ್ಮೆ ಮೇಲೆ ಬಂದವು. ಒಂದು ದಾರಿಯ ಅಡ್ಡಕ್ಕೆ ನಿಂತೇಬಿಟ್ಟಿತು, ಎಲ್ಲಕ್ಕಿಂತ ಓರೆಯಾದ ಜಾಗದಲ್ಲಿ.

ಬ್ರೇಕು ಬಿತ್ತು. ಗಾಡಿ ಎಡಕ್ಕೆ ವಾಲಿತು. ಕ್ಯಾರಿಯರಿನ ಚೀಲವೂ ಅದೇ ಕಡೆ ಎಳೆಯಿತು. "ಯಾ ಅಲ್ಲಾ" ಎಂದು ರಫೀಕ್ ಎರಡು ಹೆಜ್ಜೆ ಓಡಿದ. ನಾನು ಅವನ ತೋಳು ಹಿಡಿದೆ. ಎಡಗಾಲಿನ ಬೂಟು ಕೆಳಗೆ ಹೋಯಿತು, ನೆಲ ಸಿಕ್ಕಿತು, ಮೊಣಕಾಲು ಒಂದಿಷ್ಟು ಬಾಗಿ ಮತ್ತೆ ನೆಟ್ಟಗಾಯಿತು. ಗಾಡಿ ನಿಂತಿತು. ಅವರು ನಿಂತರು. ಚೀಲ ನಿಂತಿತು. ನಾನು ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿದೆ.

ಎಮ್ಮೆ ಕದಲಲಿಲ್ಲ. ಸುವರ್ಣಾ ಕೂತಲ್ಲಿಂದಲೇ ಬಗ್ಗಿ ಅದರ ಹಿಂಭಾಗ ನೋಡಿದರು, ಬೆನ್ನ ಮೇಲೆ ಒಂದು ಏಟು ಹಾಕಿದರು, ಹಳ್ಳದ ಕಡೆ ತಿರುಗಿ ಕೂಗಿದರು.

"ಈ ಎಮ್ಮಿ ಯಾರ್ದ್ರೀ? ಬೆದಿಗಿ ಬಂದದ, ನೋಡೀರೇನ್?"

ಕೆಳಗಿನಿಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದಳು. "ನಮ್ದೇ ಯವ್ವ. ನಿನ್ನಿಲಿಂದ ಒದರಲಿಕತ್ತದ. ಹೊಟ್ಟಿ ಬ್ಯಾನಿ ಅಂದ್ಕೊಂಡು ಓಂಕಾಳು ತಿನಿಸಿನಿ."

"ಓಂಕಾಳು ನೀವು ತಿನ್ರಿ. ಇದಕ್ಕ ಇವತ್ತೇ ಇಲ್ಲಿ ಡಾಕ್ಟರಿಗಿ ಕರಸ್ರಿ. ನಾಳಿಗಿ ಬೆದಿ ಇರಲ್ಲ."

ಗಾಡಿ ಇನ್ನೂ ಓರೆಯಲ್ಲೇ ಇತ್ತು. ಅದರ ಮೇಲೆ ಕೂತೇ ಅವರು ಮುದುಕಿಗೆ ಗುರುತುಗಳನ್ನು ವಿವರಿಸುತ್ತಿದ್ದರು. ಎಡಗಾಲು ಊರಿದ್ದೇನೆ ಎಂಬುದು ಅವರಿಗೆ ಮರೆತೇಹೋಗಿತ್ತು. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಒಬ್ಬ ಸವಾರ ತನ್ನ ಕಾಲನ್ನು ಮರೆಯುವ ಆ ಗಳಿಗೆಯನ್ನು ನೋಡಿದಾಗಲೆಲ್ಲ ಈಗಲೂ ಮೈ ಜುಮ್ಮೆನ್ನುತ್ತದೆ.

"ಉಸ್ತಾದ್," ರಫೀಕ್ ಮೆಲ್ಲಗೆ ಹೇಳಿದ, "ಕೈ ಬಿಡ್ರಿ. ನೋಯಲಿಕತ್ತದ." ಅವನ ತೋಳನ್ನು ನಾನು ಇನ್ನೂ ಹಿಡಿದುಕೊಂಡೇ ಇದ್ದೆ.

ನಾಲ್ಕೂವರೆಗೆ ಮರಳಿ ಬಂದು ಸೈಡ್ ಸ್ಟ್ಯಾಂಡು, ಹೆಡ್‌ಲೈಟಿನ ಬೆಳಕು, ಚೈನಿನ ಬಿಗುವು ಎಲ್ಲ ಪರೀಕ್ಷಿಸಿದೆವು. ಸೀಟನ್ನು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲವಾದ್ದರಿಂದ ಎಲ್ಲವೂ ಇದ್ದಂತೆಯೇ ಇದ್ದವು. ಆದರೂ ನೋಡಬೇಕು. ಚೀಲ ಬಿಚ್ಚಿದೆವು.

"ಕಾಕಾ, ನಾಳೆ ಸುತ್ತು ಮುಗಿಸಿ ಫೋನ್ ಮಾಡ್ತೀನ್ರಿ."

"ಮೊದಲ ಎಮ್ಮಿ ನೋಡ್ರಿ. ಫೋನ್ ಆಮ್ಯಾಲ."

ಐದಕ್ಕೆ ಐದು ನಿಮಿಷ ಇರುವಾಗ ಅವರು ಹೊರಟರು. ರಸ್ತೆಗೆ ಸೇರುವ ಮುಂಚೆ ಒಂದು ಲಾರಿ ಹೋಗಲೆಂದು ನಿಂತರು. ಎರಡೂ ಬೂಟು ನೆಲದ ಮೇಲೆ. ಲಾರಿ ಹೋಯಿತು, ಅವರೂ ಹೋದರು.

ಹಲಗೆಯಲ್ಲಿ ಕೆಲಸದ ಮುಂದೆ 'ಆಯಿತು' ಎಂದು ಬರೆದೆ. ಗೂಡಿನ ಮೇಲೆ ನಾನೇ ಹಿಂದೆ ಬರೆದು ಅಂಟಿಸಿದ್ದ 'ಬರಿಗಾಲು ಮಾತ್ರ' ಎಂಬ ಚೀಟಿಯನ್ನು ಕಿತ್ತು, ಅದರ ಹಿಂಬದಿಯಲ್ಲಿ 'ಹೊರೆ ಹೊರಿಸಿ, ಓಡಿಸುವಾಗ ಹಾಕುವುದನ್ನು ಹಾಕಿಸಿ, ತಳ ತೊಳೆಸಿ' ಎಂದು ಬರೆದು ಅಲ್ಲೇ ಅಂಟಿಸಿದೆ. ರಫೀಕ್ ಓದಿ ಶಟರಿನ ಕೊಕ್ಕೆ ಹುಡುಕತೊಡಗಿದ.

ಮುಕ್ಕಾಲು ಇಂಚಿನ ಜೋಡಿಯ ಮೇಲೆ ಬೂಟಿನ ಗುರುತು ಉಳಿದಿತ್ತು. ತೊಳೆದಿದ್ದರೂ ತಳದ ಗೀರುಗಳಲ್ಲಿ ಉಳಿದ ಎರೆಮಣ್ಣು ಸಾಲು ಸಾಲಾಗಿ ಅಂಟಿ ಒಣಗಿತ್ತು. ಒದ್ದೆ ಬಟ್ಟೆಯಿಂದ ಎರಡನ್ನೂ ಒರೆಸಿದೆ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದೆ. ಮಣ್ಣಿಗೂ ಒಂದು ದಪ್ಪ ಇರುತ್ತದೆ, ಅದು ನಾಳೆಯ ಅಳತೆಗೆ ಸೇರಬಾರದು. ಎಂಟೂ ಕಲ್ಲುಗಳನ್ನು ಕ್ರಮವಾಗಿ ಗೂಡಿನಲ್ಲಿ ಜೋಡಿಸಿದೆ. ಐದೂ ಹತ್ತಕ್ಕೆ ಶಟರು ಎಳೆದೆವು.